ಆಯಿಯ ಹೆಬ್ಬಟ್ಟು, ಟ್ಯಾಂಕಿನ ಆಟ

ಇವತ್ತು ಜಮಖಂಡಿಯ ಅಕ್ಕನ ಮನೆಯಲ್ಲಿ ನನ್ನ ಮಗಳು ದೊಡ್ಡ ಟಿವಿಯಲ್ಲಿ ಟ್ಯಾಂಕಿನ ಹಳೇ ವಿಡಿಯೋ ಗೇಮ್ ಹಚ್ಚಿದ್ದಳು. ಅದು ಶುರುವಾಗುವ ಟಿಣ್‌ಟಿಣ್ ಸದ್ದು ಕೇಳಿದ್ದೇ ತಡ, ನಾನು ಬನಹಟ್ಟಿಯ ನಮ್ಮ ನೇಕಾರರ ಮನೆಯ ಪಡಸಾಲೆಗೆ ಹೋಗಿಬಿಟ್ಟೆ.

ನಾನು ಚಿಕ್ಕವಳಿದ್ದ ಆ ವರ್ಷ ನಮ್ಮ ಅಜ್ಜಿಗೆ, ಅಂದರೆ ಆಯಿಗೆ, ಲಕ್ವಾ ಹೊಡೆದು ಬಲಗೈ ಸೋತಿತ್ತು. ಬಾಳೆಲ್ಲ ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಕೈ ಅದು. ದಿನಾ ಹಿಚುಕಲು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು, “ನಾ ಏನ್ ಕೂಸೇನ, ಚೆಂಡ ಆಡಾಕ?” ಎಂದು ಎಡಗೈಯಿಂದ ಎಸೆದಿದ್ದಳು.

ಒಂದು ದಿನ ನಾನೂ ಅಣ್ಣನೂ ಗೇಮಿನ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಟಿವಿಯಲ್ಲಿ ಇದೇ ಆಟ ಹಚ್ಚಿದಾಗ ಆಕೆ ಹಾಸಿಗೆಯಿಂದಲೇ ಕೇಳಿದಳು.

“ಆ ಗುಂಡಿ ಒತ್ತಿದ್ರ ಗುಂಡ ಹಾರತೈತೇನವಾ?”

ನಾನು ಆಟದ ರಿಮೋಟನ್ನು ಆಕೆಯ ಕೈಗಿಟ್ಟು, ಬಲ ಹೆಬ್ಬೆರಳನ್ನು ಗುಂಡಿಯ ಮೇಲೆ ಕೂರಿಸಿದೆ. ಬೆರಳು ಅಲುಗಲಿಲ್ಲ. ಆಕೆಯ ಟ್ಯಾಂಕ್ ಸಿಡಿದುಹೋಯಿತು.

“ಇನ್ನೊಮ್ಮಿ ಹಚ್ಚವಾ.”

ವಾರ ಕಳೆಯುವುದರೊಳಗೆ ಅಪ್ಪ, “ಮುದುಕಿಗೂ ಹುಚ್ಚ ಹಿಡಿಸೀರಿ” ಎಂದು ಬೈದು ವೈರ್ ಕಿತ್ತರು. ಆಯಿ ಮಗನನ್ನೇ ಗದರಿದಳು: “ಹಚ್ಚಲೇ ಅದನ್ನ! ಹೆಬ್ಬಟ್ಟ ಇವತ್ತ ತುಸು ಬಗ್ಗೇತಿ.”

ಅಪ್ಪ ಮತ್ತೆ ವೈರ್ ಜೋಡಿಸಿದರು.

ದೀಪಾವಳಿ ಹೊತ್ತಿಗೆ ಆಯಿ ಅಣ್ಣನನ್ನು ಸೋಲಿಸಿದಳು. ಅದಾದ ಕೆಲವೇ ದಿನಕ್ಕೆ, ಯಾರನ್ನೂ ಕರೆಯದೆ ತನ್ನ ತುರುಬು ತಾನೇ ಕಟ್ಟಿಕೊಂಡು ಹೊರಗೆ ಬಂದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅತ್ತುಬಿಟ್ಟಳು.

ಇಲ್ಲಿ ಅಕ್ಕನ ಮನೆಯಲ್ಲಿ ಮಗಳು ಮೂರನೇ ಸಲ ಸೋತಳು. “ಇಷ್ಟ್ ಹಳೇ ಆಟ, ಆದ್ರೂ ಬಿಡಾಕ ಮನಸಾಗವಲ್ದಲ್ಲ ಮಮ್ಮಿ?”

“ಬಿಡಬ್ಯಾಡ” ಎಂದು ನಾನು ಎರಡನೇ ರಿಮೋಟ್ ಕೈಗೆತ್ತಿಕೊಂಡೆ.