ಮೇಡಂ ತಿದ್ದದೆ ಬಿಟ್ಟ ತಪ್ಪು

ಮೇಡಂ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವಾಗ ಅವರ ಬಿಳಿ ಕಾಟನ್ ಸೀರೆಯ ಅಂಚು ಗೇಣುದ್ದ ಕೆಂಪಾಗಿರುತ್ತಿತ್ತು. ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳು ಕೆಂಧೂಳೆಬ್ಬಿಸುತ್ತ ಸಾಲುಗಟ್ಟುತ್ತಿದ್ದ ಕಾಲ ಅದು; ಬಿಳಿ ಬಟ್ಟೆ ಉಡುವುದನ್ನು ಊರೇ ಬಿಟ್ಟಿತ್ತು. ಅವರು ಬಿಡಲಿಲ್ಲ. ಬಾಗಿಲಲ್ಲಿ ನಿಂತು ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಒಳಗೆ ಯಾರಾದರೂ ಬಂದು ಕುಳಿತಿದ್ದಾರೆಯೇ ಎಂದು ನೋಡುತ್ತಿದ್ದರು.

ಬಸ್ ನಿಲ್ದಾಣದ ಹಿಂದೆ ನನ್ನದೊಂದು ಇಂಟರ್ನೆಟ್ ಸೆಂಟರ್ ಇತ್ತು. ಮೇಡಂ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಊರೂರಿನ ಬಾವಿ, ಬೋರ್‌ವೆಲ್ಲುಗಳ ನೀರಿನ ಮಟ್ಟದ ಅಂಕಿಗಳನ್ನು ತುಂಬಿದರೆ ನೆಲದಡಿಯ ನೀರು ಯಾವ ಕಡೆ ಹರಿಯುತ್ತಿದೆ, ಎಲ್ಲಿ ಇಳಿಯುತ್ತಿದೆ ಎಂದು ನಕ್ಷೆ ಬಿಡಿಸುವ ಪ್ರೋಗ್ರಾಮ್ ಒಂದನ್ನು ಬರೆದಿದ್ದರು. ಸಂಡೂರಿನ ಗುಡ್ಡ ಅಗೆಯುತ್ತ ಹೋದಂತೆ ಸುತ್ತಲಿನ ಬಾವಿಗಳು ಏನಾಗುತ್ತಿವೆ ಎಂದು ಯಾರೂ ನೋಡುತ್ತಿಲ್ಲವಲ್ಲ ಎಂಬ ಸಂಕಟಕ್ಕೆ ಬರೆದದ್ದು. ಅದನ್ನು ಅವರು ಮಾರಲಿಲ್ಲ. ಯಾರು ಬೇಕಾದರೂ ಬಳಸಲಿ, ಬಿಚ್ಚಿ ನೋಡಲಿ, ತಿದ್ದಲಿ ಎಂದು ಒಳಗಿನ ಕೋಡ್ ಬರವಣಿಗೆ ಸಮೇತ ಇಂಟರ್ನೆಟ್ಟಿಗೆ ಹಾಕಿಬಿಟ್ಟರು. ಆಸಕ್ತಿ ಇದ್ದವರಿಗೆ ಭಾನುವಾರ ನನ್ನ ಸೆಂಟರಿನಲ್ಲಿ ಕಲಿಸುವುದಾಗಿ ಕಾಲೇಜಿನಲ್ಲಿ ಹೇಳಿಬಂದರು.

ಮೊದಮೊದಲು ಹುಡುಗರು ಕಂಪ್ಲಿಯಿಂದ, ಕಮಲಾಪುರದಿಂದ ಬಸ್ ಹಿಡಿದು ಬಂದರು. ಆಮೇಲೆ ಒಬ್ಬ ಟಿಪ್ಪರ್ ಕೊಂಡ, ಇನ್ನೊಬ್ಬ ಅದಿರಿನ ಯಾರ್ಡಿನಲ್ಲಿ ಕೆಲಸ ಹಿಡಿದ. ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ಮೇಡಂ ಯಾರನ್ನೂ ದೂರಲಿಲ್ಲ. ಮನೆಯಲ್ಲಿ ಏನೇನು ಕಷ್ಟವೋ ಅನ್ನುತ್ತಿದ್ದರು. ಹುಡುಗರಿಗೆಂದು ಹಾಕಿಸಿದ್ದ ಕುರ್ಚಿಗಳನ್ನು ಮಾತ್ರ ತೆಗೆಯಲು ಬಿಡಲಿಲ್ಲ.

ಯಾರೂ ಬಾರದ ಒಂದು ಭಾನುವಾರ ನನ್ನನ್ನೇ ಪ್ರೋಗ್ರಾಮಿನ ಮುಂದೆ ಕೂರಿಸಿದರು. ಟೈಪಿಂಗ್ ಬಿಟ್ಟು ನನಗೇನೂ ಬರುವುದಿಲ್ಲ ಎಂದು ಹಿಂಜರಿದೆ.

"ಬಳಸಿ ನೋಡ್ರಿ. ಎಲ್ಲಿ ತಿಳಿಯಂಗಿಲ್ಲೋ ಅಲ್ಲಿ ಹೇಳ್ರಿ," ಅಂದರು. "ನಿಮಗ ತಿಳೀಲಿಲ್ಲಂದ್ರ ತಪ್ಪು ನಂದು."

ಮೊದಲ ಪರದೆಯ ಇಂಗ್ಲಿಷಿನಲ್ಲೇ ಸಿಕ್ಕಿಕೊಂಡೆ. ಮೇಡಂ ನಕ್ಕರು. ಆ ಪರದೆಯ ಮಾತುಗಳನ್ನು ನನ್ನಿಂದಲೇ ಕನ್ನಡದಲ್ಲಿ ಬರೆಸಿ, ಪ್ರೋಗ್ರಾಮಿಗೆ ಕೈಜೋಡಿಸಿದವರ ಜಾಗದಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರು ಹಾಕಿದರು. ಅಲ್ಲಿ ಇದ್ದದ್ದು ನಾವಿಬ್ಬರೇ.

ಆ ಪ್ರೋಗ್ರಾಮಿನಲ್ಲಿ ಒಂದು ತಪ್ಪಿತ್ತು. ಎರಡು ಬಾವಿಗಳು ತೀರ ಹತ್ತಿರವಿದ್ದರೆ ನಕ್ಷೆಯಲ್ಲಿ ಆ ಜಾಗ ಖಾಲಿ ಬೀಳುತ್ತಿತ್ತು. ಮೇಡಂ ಅದನ್ನು ಮುಚ್ಚಿಡದೆ, ಹೀಗಾಗುತ್ತಿದೆ, ಇಂಥ ಕಡೆ ತಿದ್ದಬೇಕು, ಯಾರಾದರೂ ಪ್ರಯತ್ನಿಸಿ ಎಂದು ಬಳಸುವವರ ಇ-ಮೇಲ್ ಗುಂಪಿಗೆ ಬರೆದರು. ಉತ್ತರ ಬರಲಿಲ್ಲ. ಪ್ರತಿ ವಾರ ಬಂದು ಮೇಲ್ ತೆರೆದು, ಸ್ವಲ್ಪ ಹೊತ್ತು ಕೂತು, ಮುಚ್ಚುತ್ತಿದ್ದರು. ನೋಡಲಾಗದೆ, ನೀವೇ ತಿದ್ದಿಬಿಡಬಾರದೇ ಎಂದು ಕೇಳಿದೆ.

"ತಿದ್ದಬಹುದ್ರಿ, ಭಾಳ ಹೊತ್ತೇನೂ ಬ್ಯಾಡ. ಆದ್ರ ಎಲ್ಲಾ ನಾನ ಮಾಡಿದ್ರ ಬ್ಯಾರೆಯವ್ರು ಬರೋದು ಹ್ಯಾಂಗ? ನಾ ಹೋದ ದಿನಾ ಇದೂ ಹೋಗ್ತದ."

ಮುಂದಿನ ಮಳೆಗಾಲಕ್ಕೆ ಅವರಿಗೆ ಕಾಯಿಲೆ ಶುರುವಾಯಿತು. ಬಳ್ಳಾರಿಯ ಆಸ್ಪತ್ರೆಗೆ ಒಬ್ಬರೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಜೊತೆಗೆ ಬರುತ್ತೇನೆಂದರೆ, ಅಂಗಡಿ ಮುಚ್ಚಬೇಡಿ, ಯಾರಾದರೂ ಬಂದಾರು ಅನ್ನುತ್ತಿದ್ದರು. ಬೇರೆಯವರು ತಿದ್ದಿ ಕಳಿಸಿದ್ದನ್ನು ಪ್ರೋಗ್ರಾಮಿಗೆ ಸೇರಿಸುವುದು ಹೇಗೆಂದು ಆ ದಿನಗಳಲ್ಲೇ ನನಗೆ ಕಲಿಸಿದರು. ಸೇರಿಸುವುದಕ್ಕೆ ಏನೂ ಬಂದಿರಲಿಲ್ಲ.

ಬೇಸಿಗೆಗೆ ಮೊದಲು ಅವರು ತೀರಿಕೊಂಡರು. ಆ ಗುಂಪಿಗೆ ನಾಲ್ಕು ಸಾಲಿನಲ್ಲಿ ವಿಷಯ ತಿಳಿಸಿದೆ; ಓದುವವರಿದ್ದಾರೆಂಬ ನಂಬಿಕೆಯಿಂದಲ್ಲ, ತಿಳಿಸದೆ ಇರಲು ಮನಸ್ಸು ಬಾರದೆ.

ಮರುದಿನ ಮೇಲ್ ತೆರೆದರೆ ಉತ್ತರಗಳು ಬಂದಿದ್ದವು. ಎಲ್ಲೆಲ್ಲಿಂದಲೋ, ಹೆಸರು ಓದಲೂ ಬಾರದ ಊರುಗಳಿಂದ. ಒಬ್ಬಾಕೆ, ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ, ಚೆನ್ನಾಗಿಯೇ ನಡೆಯುತ್ತಿತ್ತು, ಅದಕ್ಕೇ ಏನೂ ಬರೆಯಲಿಲ್ಲ ಎಂದಿದ್ದಳು. ಇನ್ನೊಬ್ಬ ಆ ಖಾಲಿ ಜಾಗದ ತಪ್ಪನ್ನು ಎಂದೋ ತಿದ್ದಿಕೊಂಡಿದ್ದ. ಅಷ್ಟು ತಿಳಿದವರಿಗೆ ನಾನೇನು ಕಳಿಸಲಿ ಎಂಬ ಸಂಕೋಚಕ್ಕೆ ತನ್ನಲ್ಲೇ ಇಟ್ಟುಕೊಂಡಿದ್ದನಂತೆ. ಈಗ ಕಳಿಸಿದ್ದ.

ಮೇಡಂ ಕಲಿಸಿದಂತೆ ಅದನ್ನು ಸೇರಿಸಿ, ನಮ್ಮಿಬ್ಬರ ಕೆಳಗೆ ಅವನ ಹೆಸರು ಬರೆದೆ.

ಅಂದಿನಿಂದ ಯಾರು ಮಾಡಿಟ್ಟದ್ದು ನನ್ನ ಉಪಯೋಗಕ್ಕೆ ಬಂದರೂ, ಬಂತು ಎಂದು ಅವರಿಗೆ ಎರಡು ಸಾಲು ಬರೆಯುತ್ತೇನೆ. ಅಂಥ ಎರಡು ಸಾಲಿಗಾಗಿ ಒಬ್ಬರು ಎಷ್ಟು ಕಾದರೆಂಬುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ.