ಮೂರು ದಾರಿಯ ಗಾಜು

ಲಕ್ಷ್ಮಪ್ಪ ಇನ್ನಿಲ್ಲವೆಂಬ ಸುದ್ದಿ ಗದಗಿನ ದವಾಖಾನೆಯಿಂದ ಬಂದ ಬೆಳಿಗ್ಗೆ, ಅವನ ಹೆಂಡತಿ ಗಾಳೆವ್ವ ಗಂಡನ ಬದಲಿಗೆ ಊರ ದಾರಿಯ ಕಸ ಹೊಡೆಯುತ್ತಿದ್ದಳು. ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ರಸ್ತೆಯಲ್ಲಿ ಮೂರು ದಾರಿ ಕೂಡುವ ಜಾಗ ಅದು. ಅಲ್ಲಿಯೇ ಅವನ ಅಂಗಾಲಿಗೆ ಒಡೆದ ಬಾಟಲಿಯ ಚೂರು ನಟ್ಟು ಧನುರ್ವಾಯು ಏರಿತ್ತು. ಊರು ಆಡಿದ ಮಾತೇ ಬೇರೆ: "ದೃಷ್ಟಿ ತಗದು ಒಗದದ್ದನ್ನ ದಾಟ್ಯಾನ. ಅದ ಬಡದೈತಿ."

ಈ ಮಾತು ಗಾಳೆವ್ವನನ್ನು ಇಂದಿಗೂ ಸುಡುತ್ತದೆ.

ದೃಷ್ಟಿ ತೆಗೆದ ಲಿಂಬೆ, ಮೆಣಸಿನಕಾಯಿಗಳನ್ನು ಮೂರು ದಾರಿಗೆ ಒಗೆದು, ಹಿಂದೆ ತಿರುಗಿ ನೋಡದೆ ಮನೆ ಸೇರುವುದು ಪದ್ಧತಿ. ಹಿರಿಯರು ಹಾಕಿಕೊಟ್ಟದ್ದು ಅಷ್ಟೇ. ಅಲ್ಲಿ ಬಿದ್ದದ್ದನ್ನು ಯಾರೂ ಮುಟ್ಟುವುದಿಲ್ಲ, ಯಾರೂ ಕೇಳುವುದಿಲ್ಲ ಎಂದು ಕಂಡುಕೊಂಡ ಮಂದಿ ಒಡೆದ ಬಾಟಲಿ, ಕಂದೀಲಿನ ಗಾಜು, ಎಂಜಲೆಲೆಗಳನ್ನೂ ಅಲ್ಲಿಗೇ ತಂದು ಸುರಿದರು. ದೇವರ ಹೆಸರಿನಲ್ಲಿ ಎಂಥ ಮೈಗಳ್ಳತನ! ಕನ್ನಡ ರಾಜ್ಯ ಒಂದಾಯಿತೆಂದು ಇದೇ ಜಾಗದಲ್ಲಿ ತೋರಣ ಕಟ್ಟಿ ಸಕ್ಕರೆ ಹಂಚಿದ ಊರಿಗೆ ಒಂದು ಕಸದ ತಗ್ಗು ತೋಡಲು ಕೈ ಬರಲಿಲ್ಲ. ಪೂಜೆಗೆ ಹೂ ಏರಿಸುವ ಕೈಯೇ ಬರಿಗಾಲಿನವನ ದಾರಿಗೆ ಗಾಜು ಚೆಲ್ಲಿದರೆ, ಆ ಪೂಜೆ ಯಾರಿಗೆ ಮುಟ್ಟೀತು?

ಗಾಳೆವ್ವ ಈಗಲೂ ಬೆಳ್ಳಿ ಮೂಡುವ ಹೊತ್ತಿಗೆ ಬರುತ್ತಾಳೆ. ಕಸಬರಿಗೆಯ ತುದಿಯಿಂದ ಮೊದಲು ಮೆಲ್ಲಗೆ ಕೆದರುತ್ತಾಳೆ. ಗಾಜಿದ್ದರೆ ಕಿಣಿ ಎನ್ನುತ್ತದೆ. ಬೇವಿನ ಗಿಡದ ಕೆಳಗೆ ತಾನೇ ಒಂದು ತಗ್ಗು ತೋಡಿದ್ದಾಳೆ. "ದೃಷ್ಟಿ ತಗೀರಿ, ನಾ ಬ್ಯಾಡ ಅನ್ನೂದಿಲ್ಲ. ತಗ್ಗಿಗಿ ಹಾಕಿ ಮಣ್ಣ ಮುಚ್ರಿ" ಎಂದು ಮನೆಮನೆಗೆ ಹೇಳಿ ಬಂದಿದ್ದಾಳೆ. ಮೊದಲು ಓಗೊಟ್ಟವನು ಸೋಡಾ ಅಂಗಡಿಯ ಇಸ್ಮಾಯಿಲಸಾಬ. "ಬಾಟ್ಲಿ ನಂದ ಇದ್ದೀತವ್ವಾ" ಎಂದವನೇ ಅಂಗಡಿಯ ಮುಂದೆ ಒಡಕು ಗಾಜಿಗೆಂದು ಬುಟ್ಟಿ ಇಟ್ಟ.

ಉಳಿದವರು ಕದಲಲಿಲ್ಲ. ಮೊನ್ನೆ ಅಮಾವಾಸ್ಯೆಯ ನಸುಕಿನಲ್ಲಿ, ದೃಷ್ಟಿಯ ಮಾತನ್ನು ಊರೆಲ್ಲ ಹಬ್ಬಿಸಿದ್ದ ಸಾಹುಕಾರರ ಮನೆಯ ಶೇಖವ್ವನೇ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು.

"ದೂರ ಸರಿಯಬೇ ಗಾಳೆವ್ವಾ, ನಿನಗೂ ಬಡದೀತು."

"ನನಗ ಬಡ್ಯಾಕ ಇನ್ನೇನ ಉಳದೈತ್ರಿ ಅವ್ವಾರ? ಡಾಕ್ಟರು ಅವನ ಕಾಲಾಗಿಂದ ತಗದದ್ದು ಲಿಂಬಿಹಣ್ಣಲ್ರಿ, ಗಾಜು."

ಶೇಖವ್ವ ಸೆರಗು ಬಿಚ್ಚಿದಳು. ಲಿಂಬೆಯ ಜೊತೆ ಒಡೆದ ಕಂದೀಲಿನ ಗಾಜೂ ಇತ್ತು. ತಗ್ಗಿನ ಮುಂದೆ ಕುಳಿತು ಎಲ್ಲವನ್ನೂ ಹಾಕಿ, ತಾನೇ ಮಣ್ಣು ಎಳೆದಳು. ಹೊರಟವಳು ತಡೆದು ಕೇಳಿದಳು: "ತಿರುಗಿ ನೋಡಬಾರದಲ್ಲs?"

"ನೋಡ್ರಿ ಅವ್ವಾರ. ಯಾರೂ ನೋಡಲಾರದ್ದಕ್ಕs ಹಿಂಗಾತು."

ಶೇಖವ್ವ ತಿರುಗಿ ನೋಡಿದಳು: ಹಸನಾದ ದಾರಿ, ಅದರ ಮೇಲೆ ಗಾಳೆವ್ವನ ಬರಿಗಾಲು.

ಗಾಳೆವ್ವನ ಬೇಡಿಕೆ ದೊಡ್ಡದಲ್ಲ. "ದೃಷ್ಟಿ ಬಡದು ಸತ್ತ ಅನಬ್ಯಾಡ್ರಿ. ನಿಮ್ಮ ಕಸಾ ಹೊಡಕೋತ ಸತ್ತ ಅನ್ರಿ, ಸಾಕು."

ಕಾಲಕಾಲೇಶ್ವರಾ, ನಿನ್ನ ಊರಿನ ದಾರಿಯನ್ನು ಬರಿಗಾಲಲ್ಲಿ ಹಸನು ಮಾಡಿದ ಲಕ್ಷ್ಮಪ್ಪನ ಆತ್ಮಕ್ಕೆ ಶಾಂತಿ ಕೊಡು. ನಿನ್ನೆಡೆಗೆ ಬರುವ ದಾರಿಯಲ್ಲಿ ಅವನ ಕಾಲಿಗೆ ಒಂದು ಹರಳೂ ತಾಗದಿರಲಿ.