ಇಬ್ಬರು ಪೈಲ್ವಾನರು ತೀರಿಕೊಂಡ ಅಮಾವಾಸ್ಯೆ

ಇವತ್ತು ಕಿಕ್ಕೇರಿಯ ಗರಡಿಮನೆ ಮುಂದೆ ಹಾದುಹೋಗುವಾಗ ಎಣ್ಣೆ ಬೆರೆತ ಕೆಮ್ಮಣ್ಣಿನ ವಾಸನೆ ಬಂತು. ನನಗದು ಅಪ್ಪನ ಮೈ ವಾಸನೆ.

ನಮ್ಮೂರಿನ ಹೆಸರಾಂತ ಪೈಲ್ವಾನರಿಬ್ಬರು, ಅಪ್ಪನ ಗುರು ಚಿಕ್ಕಣ್ಣ ಮತ್ತು ಜೊತೆಗಾರ ನಿಂಗೇಗೌಡ, ಬೇರೆ ಬೇರೆ ವರ್ಷಗಳಲ್ಲಿ ಮಹಾಲಯ ಅಮಾವಾಸ್ಯೆಯ ದಿನವೇ ತೀರಿಕೊಂಡಿದ್ದರು. ಮುಂದಿನ ಸರದಿ ಅಪ್ಪನದೆಂದು ಊರು ಪಿಸುಗುಡುತ್ತಿತ್ತು. ಆ ದಿನ ಅವ್ವ ಅಪ್ಪನನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

ಒಂದು ವರ್ಷ ಅಪ್ಪ ಅವಳ ಕಣ್ಣು ತಪ್ಪಿಸಿ ಹೊರಟುಬಿಟ್ಟ. ಹೊತ್ತು ಇಳಿದರೂ ಸುಳಿವಿಲ್ಲ. ಅವ್ವ ನನ್ನ ಕೈ ಹಿಡಿದು ಗರಡಿ, ಕೆರೆ ಏರಿ ಎಲ್ಲ ಹುಡುಕಿದಳು. ಕೊನೆಗೆ ನಿಂಗೇಗೌಡರ ಮನೆಗೆ ಹೋದರೆ, ಜಗಲಿಯ ಮೇಲೆ ಅಪ್ಪ ಅಲುಗಾಡದೆ ಮಲಗಿದ್ದ. ಅವ್ವ ಚೀರಿದಳು.

ಅಪ್ಪ ಬೆಚ್ಚಿ ಎದ್ದ. "ಯಾಕಮ್ಮಿ ಇಂಗ್ ಕಿರುಚ್ತೀಯ? ಗುರುಗಳ ಮನೇಲೂ ಎಡೆ ಊಟ, ಇಲ್ಲೂ ಎಡೆ ಊಟ. ನಿದ್ದೆ ಬಂದ್ಬುಡ್ತು ಕಣೆ."

"ಅವ್ರೇ ಬಂದು ಕರ್ಕಂಡೋಗ್ಬುಟ್ರು ಅಂದ್ಕಂಡೆ," ಅಂದಳು ಅವ್ವ.

"ಅವ್ರು ನನ್ ಬುಟ್ಟು ಉಂಡೋರಲ್ಲ. ಅದ್ಕೆ ನಾನೇ ಉಣ್ಣಕ್ಕೆ ಬಂದೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಆ ಮನೆಯವರು ಹಾಕಿದ ಎಲೆಯ ಮುಂದೆ ಕೂತು ತಾನೂ ಉಂಡಳು.

ಈಗ ಅಪ್ಪನಿಗೆ ಹಲ್ಲಿಲ್ಲ. ಈ ಅಮಾವಾಸ್ಯೆಗೂ ಎರಡೂ ಮನೆಯಲ್ಲಿ ಉಂಡು ಬಂದು, ಮಾಂಸ ಸರಿಯಾಗಿ ಬೆಂದಿರಲಿಲ್ಲವೆಂದು ಗೊಣಗಿದ.